ಮರಳು ಎಳೆಯುತ್ತಿದ್ದ ಸಾಬರು

ಸಾಬರ ಎರಡೂ ಪಾದಗಳಿಗೆ ಗೋಣಿಯ ತುಂಡು ಸುತ್ತಿರುತ್ತಿತ್ತು. ಮರಳಿನ ಮೇಲೆ ಎಷ್ಟು ಓಡಾಡಿದರೂ ಒಂದು ಹೆಜ್ಜೆಯ ಗುರುತು ಉಳಿಯುತ್ತಿರಲಿಲ್ಲ. ನಾನೋ, ಚಿನ್ನದ ಗಣಿಯಲ್ಲಿ ಪಾಳಿ ಮುಗಿಸಿ ಮೇಲೆ ಬರುವವರ ತಲೆಗೂದಲು, ಬಾಯಿ, ಊಟದ ಡಬ್ಬಿ ತಡಕಿಸುವ ಗುಮಾಸ್ತ. ಹೆಜ್ಜೆ ಗುರುತು ಬಿಡದ ಮನುಷ್ಯನನ್ನು ಕಂಡರೆ ನನಗೆ ಹೇಗಾಗಬೇಡ?

ಅವರೂ ನಮ್ಮ ಮುಳಬಾಗಿಲಿನವರೇ. ಗಣಿಯ ಬಿಳಿ ದೊರೆಗಳ ಗಾಲ್ಫ್ ಮೈದಾನದಲ್ಲಿ ಕೆಲಸ. ನಮ್ಮ ಸೀಮೆಯಲ್ಲಿ ಆ ಆಟಕ್ಕೆ ಬೇಕಾದ ಹುಲ್ಲು ಎಲ್ಲಿ ಬರಬೇಕು? ಕುಳಿಯ ಸುತ್ತ ಎಣ್ಣೆ ಬೆರೆಸಿದ ಮರಳು ಹಾಸಿದ್ದರು. ಚೆಂಡು ಅದರ ಮೇಲೆ ಉರುಳಿ ಕುಳಿಗೆ ಬೀಳಬೇಕು. ಪ್ರತಿಯೊಬ್ಬರ ಹೊಡೆತಕ್ಕೆ ಮುಂಚೆ ಆ ಮರಳನ್ನು ಹಲಗೆಯಿಂದ ಎಳೆದು ಸಮ ಮಾಡುವುದು ಸಾಬರ ಕೆಲಸ. ಊರಿಗೆ ಹೊರಟ ಒಬ್ಬ ಮುದಿ ದೊರೆ ಬಿಟ್ಟುಹೋದ ಕೋಲುಗಳನ್ನು ನನ್ನ ಕೈಗಿಟ್ಟು ಆಟ ಕಲಿಸಿದವರೂ ಅವರೇ. "ನಿಮ್ ಕೈ ಜೋರು ರಾಯ್ರೇ. ತಪ್ಪಲ್ಲ ಬಿಡಿ, ಖುದಾ ಕೊಟ್ಟಿದ್ದು" ಎನ್ನುತ್ತಿದ್ದರು. ಚೆಂಡು ಎಲ್ಲೆಲ್ಲೋ ಹೋದರೆ "ಪರ್ವಾಲೇದು" ಎಂದು ತೆಲುಗಿನಲ್ಲಿ ನಗುತ್ತಿದ್ದರು. ಇಷ್ಟು ಒಳ್ಳೆಯತನ ಯಾಕೆ ಎಂದು ನನಗೆ ಅದಕ್ಕೂ ಅನುಮಾನ.

ಯುದ್ಧ ಶುರುವಾಗಿ ಎಷ್ಟೋ ದೊರೆಗಳು ಹೊರಟುಹೋದ ಮೇಲೆ, ಜನ ಸಾಲದೆ ವರ್ಷದ ಪಂದ್ಯಕ್ಕೆ ನನ್ನನ್ನೂ ಸೇರಿಸಿಕೊಂಡರು. ಗೆದ್ದವನ ಹೆಸರನ್ನು ಕ್ಲಬ್ಬಿನ ಗೋಡೆಯ ಫಲಕದಲ್ಲಿ ಬರೆಸುತ್ತಿದ್ದರು. ಅದರಲ್ಲಿ ನಮ್ಮವರ ಹೆಸರು ಒಂದೂ ಇರಲಿಲ್ಲ. ನನ್ನದು ಬರಬೇಕೆಂದು ನನಗೆ ಪ್ರಾಣ ಹೋಗುವಷ್ಟು ಆಸೆ. ಕೊನೆಯ ಆಟ ನನಗೂ ಒಬ್ಬ ಇಂಜಿನಿಯರ್ ದೊರೆಗೂ ಬಿತ್ತು. ಹದಿನೆಂಟು ಕುಳಿಗಳನ್ನು ಕಡಿಮೆ ಹೊಡೆತಗಳಲ್ಲಿ ಮುಗಿಸಿದವನು ಗೆದ್ದಂತೆ. ಹದಿನೈದು ಮುಗಿದಾಗ ನಾನು ನಾಲ್ಕು ಹೊಡೆತ ಮುಂದಿದ್ದೆ.

ಹದಿನಾರನೆಯದರಲ್ಲಿ ಅದು ನನ್ನ ಕಣ್ಣಿಗೆ ಬಿತ್ತು. ದೊರೆಗೆ ಸಾಬರು ಹಲಗೆಯನ್ನು ಚೆಂಡಿನಿಂದ ಕುಳಿಯ ಕಡೆಗೆ ಎಳೆದರು. ನನಗೆ ಕುಳಿಯಿಂದ ಚೆಂಡಿನ ಕಡೆಗೆ. ಹಾಗೆ ಎಳೆದರೆ ಮರಳು ಎದುರಾಗಿ ಚೆಂಡನ್ನು ತಡೆಯುತ್ತದೆ. ಸಿಕ್ಕಿಬಿದ್ದೆಯಾ, ಅಂದುಕೊಂಡೆ. ದೊರೆ ಏನು ಆಸೆ ತೋರಿಸಿದ್ದಾನೋ! ಮರಳು ತಡೆಯುತ್ತದಲ್ಲ, ಇರಲಿ ಎಂದು ಇನ್ನೂ ಬಲವಾಗಿ ಹೊಡೆದೆ. ಚೆಂಡು ಕುಳಿ ದಾಟಿ, ಮರಳೂ ದಾಟಿ ಕಲ್ಲುಗಳ ನಡುವೆ ಹೋಯಿತು. ಅಲ್ಲಿ ಎರಡು ಹೊಡೆತ ಹಾಳು. ಹದಿನೇಳರಲ್ಲಿ ಇನ್ನೆರಡು. ಅಷ್ಟರಲ್ಲಿ ನನ್ನ ಕಣ್ಣು ಸಾಬರ ಕೈಗೇ ಅಂಟಿಕೊಂಡಿತ್ತು.

"ನನ್ನ ಯಾಕ್ ನೋಡ್ತೀರಾ ರಾಯ್ರೇ? ಚೆಂಡ್ ನೋಡಿ" ಎಂದರು ಮೆಲ್ಲಗೆ.

"ನಿಮ್ಮನ್ನ ನೋಡ್ದೇ ಇದ್ದದ್ದಕ್ಕೇ ಕೆಟ್ಟೆ" ಎಂದೆ.

ಹದಿನೆಂಟು ಮುಗಿದಾಗ ಒಂದು ಹೊಡೆತದಿಂದ ಸೋತಿದ್ದೆ. ಕೋಪ ನೆತ್ತಿಗೇರಿ, ಅಲ್ಲೇ ಕ್ಲಬ್ಬಿನ ಕಾರ್ಯದರ್ಶಿಗೆ ದೂರು ಹೇಳಿದೆ. ಸಾಬರು ಹಲಗೆ ಹಿಡಿದು ನಿಂತಿದ್ದರು, ತುಟಿ ಬಿಚ್ಚಲಿಲ್ಲ. ಸುಮ್ಮನಿರುವವನೇ ಕಳ್ಳ ಎನ್ನುವುದು ನನ್ನ ಕೆಲಸ ನನಗೆ ಕಲಿಸಿದ್ದ ಪಾಠ. ಅವರ ಕೆಲಸ ಹೋಯಿತು. ಅವರು ಮುಳಬಾಗಿಲಿಗೆ ಹೊರಟುಹೋದರು.

ಅವರ ಜಾಗಕ್ಕೆ ಬಂದವನು ಅವರ ಕೈಕೆಳಗೇ ಪಳಗಿದವನು. ಒಂದು ದಿನ ಅವನೂ ನನಗೆ ಹಲಗೆಯನ್ನು ಎದುರಾಗಿಯೇ ಎಳೆದ.

"ನೀನೂ ಶುರು ಮಾಡಿದ್ಯೇನ್ಲಾ?" ಎಂದು ಗದರಿದೆ.

"ನಿಮ್ಗೆ ಹಂಗೇ ಎಳೀಬೇಕು ಅಂತ ಸಾಬ್ರು ಹೇಳ್ಕೊಟ್ಟವ್ರೆ ಸ್ವಾಮಿ. ನಿಮ್ ಕೈ ಜೋರಲ್ವಾ, ಮರಳು ತಡೀಬೇಕು. ಪಂದ್ಯದ ದಿನಾನೂ ಒಂದ್ನೇ ಕುಳಿಯಿಂದ್ಲೂ ಹಂಗೇ ಎಳ್ದಿದ್ರು."

"ಮತ್ತೆ ಅವತ್ತು ಬಾಯ್ಬಿಟ್ಟು ಹೇಳ್ಲಿಲ್ಲ ಯಾಕೆ?"

"ಹೇಳಿದ್ರೆ, ಅನುಕೂಲಾಗೋ ಹಂಗೆ ಎಳೆಸ್ಕೊಂಡ್ರಿ ಅಂತ ದೊರೆ ನಿಮ್ಮನ್ನೇ ಮೋಸಗಾರ ಅಂತಿದ್ರು."

ಹದಿನೈದು ಕುಳಿಗಳಲ್ಲಿ ನನ್ನನ್ನು ಗೆಲ್ಲಿಸುತ್ತಿದ್ದದ್ದೂ ನಾನು ನೋಡದೆ ಇದ್ದದ್ದೂ ಅದೇ ಕೈ. ಆಮೇಲೆ ಊರಿಗೆ ಎಷ್ಟೋ ಸಲ ಹೋದೆ. ಮುಖ ತೋರಿಸುವ ಧೈರ್ಯವಿಲ್ಲದೆ ಅವರ ಬೀದಿಯನ್ನು ಬಿಟ್ಟು ಸುತ್ತಿಬಳಸಿ ನಡೆದೆ. ಅವರು ತೀರಿಕೊಂಡರೆಂದು ತಿಳಿದ ಮೇಲೆಯೇ ಆ ಬಾಗಿಲಿಗೆ ಹೋದದ್ದು. ಬಾಗಿಲಿನ ಪರದೆಯ ಹಿಂದಿನಿಂದ ಅವರ ಹೆಂಡತಿ ಮಾತಾಡಿದರು.

"ಗಣಿ ರಾಯ್ರಾ? ಯಾವಾಗ್ಲೂ ನಿಮ್ ಮಾತೇ ಆಡ್ತಿದ್ರು. ಅವತ್ತು ಸುಡುಗಾಡು ಗಾಳಿ ಎದ್ಬಿಡ್ತು, ಇಲ್ದಿದ್ರೆ ನಮ್ಮ ರಾಯ್ರೇ ಗೆಲ್ತಿದ್ರು ಅಂತ ಬಂದೋರ್ಗೆಲ್ಲಾ ಹೇಳ್ತಿದ್ರು."

ಅವತ್ತು ಗಾಳಿ ಇರಲಿಲ್ಲ. ಒಂದು ಎಲೆಯೂ ಅಲುಗಿರಲಿಲ್ಲ.