ತಂಗುದಾಣದ ಗೋಡೆಯ ಕೆಂಪು ಸಾಲುಗಳು

ಬಸ್ ತಂಗುದಾಣದ ಗೋಡೆಯ ಮೇಲಿನ ಆ ಎರಡು ಸಾಲುಗಳನ್ನು ಶಾಂತಕ್ಕ ಬರೆಸಲಿಲ್ಲ. ನಾನೇ ಬರೆದೆ. ಬರೆದು ಅವಳಿಗೆ ಸುಳ್ಳು ಹೇಳಿದೆ — ಆಮೇಲೆ ತಪ್ಪನ್ನು ಅವಳ ಮೇಲೆಯೇ ಹಾಕಿದೆ.

ಶಾಂತಕ್ಕ ನಮ್ಮ ಓಣಿಯವಳು. ಗಂಡ ಸೈನ್ಯದಲ್ಲಿದ್ದ. ಗಡಿಯಲ್ಲಿ ಯುದ್ಧ ನಿಂತಿತೆಂದು ಸುದ್ದಿ ಬಂದ ಮೂರನೆಯ ದಿನ ಅವನ ಶವ ಊರಿಗೆ ಬಂತು. ತಿಂಗಳ ಮೇಲೆ ಅವಳು ನಮ್ಮ ಮನೆಗೆ ಬಂದಳು. ಚಿತ್ರಕಲೆ ಓದಿದವಳು ಊರಲ್ಲಿ ನಾನೊಬ್ಬಳೇ.

"ತಂಗಿ, ಅವರ ಕೈಯಾಗ ಬಂದೂಕ ಕೊಡಬ್ಯಾಡ. ರಜಾ ಮುಗದಾಗ ಬಸ್ಸಿಗಂತ ಕುಂತಿರ್ತಿದ್ರಲ್ಲ, ಹಂಗ ಅವರ ಚಿತ್ರಾ ತಗಿ. ಬಸ್ ತಪ್ಪಿದ್ರ ಮನಿಗೆ ಓಡಿ ಬರೋರು — ಇನ್ನೊಂದು ರೊಟ್ಟಿ ಉಂಡ ಹೋಗ್ತೇನಿ ಅಂತ."

ತೆಗೆದೆ. ತಂಗುದಾಣದ ಗೋಡೆಯ ಮೇಲೆ ಆಳೆತ್ತರದ ಚಿತ್ರ, ಅಲ್ಲಿನ ಕಲ್ಲಿನ ಕಟ್ಟೆಗೆ ಸರಿಯಾಗಿ ಹೊಂದುವಂತೆ. ಪಕ್ಕದಲ್ಲಿ ಅವನ ಟ್ರಂಕು. ಬಣ್ಣ ಆರುವ ಮೊದಲೇ ಮುದುಕನೊಬ್ಬ ಬಂದು, "ಸರದು ಕುಂದ್ರೋ ತಮ್ಮಾ, ಟ್ರಂಕಿಗೂ ಜಾಗಾ ಹಿಡದಿ ಏನು?" ಎಂದ. ಶಾಂತಕ್ಕ ನಕ್ಕಳು. ಎಷ್ಟೋ ದಿನಗಳ ಮೇಲೆ.

ನನಗೆ ಅಷ್ಟು ಸಾಲಲಿಲ್ಲ. ಅವಳಿಗೆ ಗಂಡ ಬೇಕಿದ್ದ, ನನಗೆ ಪ್ರತಿಭಟನೆ ಬೇಕಿತ್ತು. ಅಂದು ಸಂಜೆ ಚಿತ್ರದ ಕೆಳಗೆ ಕೆಂಪಕ್ಷರದಲ್ಲಿ ಬರೆದೆ:

"ಯುದ್ಧ ಮುಗೀತು ಅಂದ್ರಿ.
ನನ್ನ ಗಂಡನ್ನ ಯಾವಾಗ ಕಳಸ್ತೀರಿ?"

"ಏನ್ ಬರದಿ ತಂಗಿ?" ಎಂದಳು. ಅವಳಿಗೆ ಓದು ಬಾರದು.

"ಅವರ ಹೆಸರು, ಊರು."

ಅವಳು ಆ ಅಕ್ಷರಗಳಿಗೆ ಹೂವಿಟ್ಟು ಕೈಮುಗಿದಳು. ನಾನು ಪಕ್ಕದಲ್ಲೇ ಇದ್ದೆ. ಆಗಲಾದರೂ —

ಮರುದಿನ ಮುಂಜಾನೆ ಇಬ್ಬರನ್ನೂ ಪಂಚಾಯಿತಿಗೆ ಕರೆಸಿದರು. ಮಂತ್ರಿಯೊಬ್ಬರು ಸಾಂತ್ವನ ಹೇಳಲು ಬರುವವರಿದ್ದರು. ಪಂಚಾಯಿತಿಯ ಸಾಹೇಬರು ಎರಡೂ ಸಾಲುಗಳನ್ನು ಗಟ್ಟಿಯಾಗಿ ಓದಿ, "ಯಾರ ಬುದ್ಧಿ ಇದು?" ಎಂದರು. ಸಿಂದಗಿಯ ಕಾಲೇಜೊಂದರಲ್ಲಿ ನನಗೆ ಕೆಲಸ ಸಿಗುವುದರಲ್ಲಿತ್ತು.

"ಅಕ್ಕ ಹೇಳಿದ್ಳರಿ. ನಾ ಬರದೇನಿ ಅಷ್ಟ."

ಶಾಂತಕ್ಕ ನನ್ನತ್ತ ನೋಡಿದಳು. ಆ ಸಾಲುಗಳನ್ನು ಅವಳು ಕೇಳಿದ್ದು ಅದೇ ಮೊದಲು.

"ಹೌದ್ರಿ. ನಾನ ಹೇಳೇನಿ," ಎಂದಳು.

ಮಧ್ಯಾಹ್ನದೊಳಗೆ ಗೋಡೆಗೆ ಸುಣ್ಣ ಬಳಿದರು. ಅಕ್ಷರ ಅಷ್ಟೇ ಅಳಿಸಿರಿ, ಅವರನ್ನು ಬಿಡಿರಿ ಎಂದು ಅವಳು ಬೇಡಿಕೊಂಡಳಂತೆ. ಸುಣ್ಣದವನು, "ಅರ್ಧಾ ಗ್ವಾಡಿಗೆ ಯಾರರ ಸುಣ್ಣ ಹಚ್ತಾರೇನವ್ವ?" ಎಂದನಂತೆ. ನಾನು ಮನೆಯಿಂದ ಹೊರಗೆ ಬರಲಿಲ್ಲ. ಸತ್ತ ಮಗನ ಮಾನ ಕಳೆದಳೆಂದು ಮಾವ ಅವಳೊಂದಿಗೆ ಮಾತು ಬಿಟ್ಟ. ಮಳೆಗಾಲದ ಹೊತ್ತಿಗೆ ಅವಳು ಊರನ್ನೇ ಬಿಟ್ಟಳು. ಈಗ ಬಸವನ ಬಾಗೇವಾಡಿಯ ಒಂದು ಹಾಸ್ಟೆಲ್ಲಿನಲ್ಲಿ ರೊಟ್ಟಿ ಬಡಿಯುತ್ತಾಳೆ. ನನಗೆ ಕೆಲಸ ಸಿಕ್ಕಿತು.

ಆ ಸಾಲುಗಳನ್ನು ಬರೆದ ಸಂಜೆಯೇ ನಾನು ಗೋಡೆಯ ಫೋಟೊ ತೆಗೆದಿಟ್ಟುಕೊಂಡಿದ್ದೆ. ಎರಡು ವರ್ಷದ ಮೇಲೆ ಅದನ್ನು ಪ್ರದರ್ಶನವೊಂದಕ್ಕೆ ಕಳಿಸಿದೆ. ತುಂಬಿದ ಸಭೆಯಲ್ಲಿ ಒಬ್ಬರು ಎದ್ದು, ಈ ಮಾತು ಆ ಸೈನಿಕನ ಹೆಂಡತಿಯದೇ ಎಂದು ಕೇಳಿದರು.

"ಅಲ್ಲ, ನನ್ನದು," ಎಂದೆ.

ಚಪ್ಪಾಳೆ ಬಿತ್ತು. ನಾನು ನಿಜ ಹೇಳಿದ್ದು ಅಲ್ಲಿ ಮಾತ್ರ. ಬಾಗೇವಾಡಿಗೆ ಇನ್ನೂ ಹೋಗಿಲ್ಲ.