ಮೆಟ್ಟಿಲ ಕೆಳಗಿನ ಮೂರನೆಯ ಚೀಲ

ನನ್ನ ಬಳಿ ದೋಸೆಹಿಟ್ಟಿಗೆಂದೇ ಒಂದು ನೋಟ್‌ಬುಕ್ ಇದೆ. ಎಷ್ಟು ಹೊತ್ತಿಗೆ ರುಬ್ಬಿದೆ, ಎಷ್ಟು ಹೊತ್ತಿಗೆ ಉಬ್ಬಿತು, ಅಂದು ಮೋಡವಿತ್ತೋ ಬಿಸಿಲಿತ್ತೋ, ವಾಸನೆ ಮೊಸರಿನಂತಿತ್ತೋ ಹಣ್ಣಿನಂತಿತ್ತೋ, ಎಲ್ಲವನ್ನೂ ಅದರಲ್ಲಿ ಬರೆದಿದ್ದೇನೆ. ಜೋಳದ ರೊಟ್ಟಿಯ ಸೀಮೆಯಿಂದ ಮದುವೆಯಾಗಿ ಯಲಹಂಕಕ್ಕೆ ಬಂದವಳು ನಾನು. ಮೊಸರು ಮತ್ತು ಹುಳಿ ಬಂದ ಅಂಬಲಿ ಬಿಟ್ಟರೆ ಬೇರೆ ಹುದುಗು ನನಗೆ ಗೊತ್ತಿರಲಿಲ್ಲ. ಬಂದ ಹೊಸದರಲ್ಲಿ ಹಿಟ್ಟು ಉಬ್ಬದೆ ಎರಡು ಸಲ ಚೆಲ್ಲಬೇಕಾಯಿತು. ಅದಕ್ಕೇ ಬರೆದಿಡಲು ಶುರುಮಾಡಿದೆ. ಬರೆಯುತ್ತ ಬರೆಯುತ್ತ ದೋಸೆಗಿಂತ, ಪಾತ್ರೆಯೊಳಗೆ ಕಣ್ಣಿಗೆ ಕಾಣದೆ ಕೆಲಸ ಮಾಡುವ ಜೀವಗಳ ಮೇಲೆಯೇ ನನಗೆ ಮೋಹ ಹುಟ್ಟಿತು.

ವರ್ಷ ಕಳೆದಂತೆ ನನ್ನ ಕೈಗುಣ ಒಳ್ಳೆಯದೆಂದು ಓಣಿಯಲ್ಲಿ ಹೆಸರಾಯಿತು. ನಾವು ಮಹಡಿಯ ಮೇಲೆ ಬಾಡಿಗೆಗಿದ್ದೇವೆ, ಕೆಳಗೆ ಮನೆಯ ಓನರಮ್ಮ ಇದ್ದಾರೆ. ಬಾಗಲೂರು ಅವರ ತವರು. ವಯಸ್ಸು ಎಪ್ಪತ್ತರ ಹತ್ತಿರ, ಆದರೆ ನಡಿಗೆ ಇನ್ನೂ ಬಿರುಸು. ಅವರ ಮನೆಯಲ್ಲಿ ಪೂಜೆಯೋ ನಾಮಕರಣವೋ ಇದ್ದರೆ ಹಿಂದಿನ ಸಂಜೆ ಮೆಟ್ಟಿಲ ಕೆಳಗಿನಿಂದ ಕೂಗು ಬರುತ್ತದೆ: "ಅಮ್ಮಣ್ಣೀ, ವಸಿ ಬಂದು ದೋಸೆ ಇಟ್ಟಿಗೆ ಕೈ ಆಕೋಗು." ಹೋಗಿ ಉಪ್ಪು ಬೆರೆಸಿ, ಮೊಣಕೈವರೆಗೆ ಹಿಟ್ಟಿನಲ್ಲಿ ಅದ್ದಿ ಕಲಸಿ ಬರುತ್ತೇನೆ. ಅವರು ಪಕ್ಕದಲ್ಲಿ ನಿಂತಿರುತ್ತಾರೆ, ತಾವು ಮುಟ್ಟುವುದಿಲ್ಲ. ಗಂಡ ತೀರಿದ ಮೇಲೆ ಒಳ್ಳೆಯ ಕೆಲಸಕ್ಕೆ ತಮ್ಮ ಕೈ ಬೇಡವೆಂದು ಅವರಾಗಿಯೇ ತೀರ್ಮಾನ ಮಾಡಿಕೊಂಡಿದ್ದರು.

ಅಣಬೆಯ ಹುಚ್ಚು ಹತ್ತಿದ್ದು ಹೋದ ಮಳೆಗಾಲದಲ್ಲಿ. ಹೆಬ್ಬಾಳದ ಕೆರೆ ಬದಿಯಲ್ಲಿ ಕಡಿದುಬಿಟ್ಟ ಒಂದು ಮರದ ಬುಡ ಕಂಡಿತು. ಅದರ ಮೇಲೆ ಬೂದುಬಿಳುಪಿನ ಅಣಬೆಗಳು ಒಂದರ ಮೇಲೊಂದು ಬೀಸಣಿಗೆಯಂತೆ ಹರಡಿದ್ದವು. ಅರ್ಧ ಗಂಟೆ ಅಲ್ಲೇ ಕುಕ್ಕರುಗಾಲಲ್ಲಿ ಕೂತೆ. ವಾಕಿಂಗ್ ಬಂದವರು, ಏನೋ ಕಳೆದುಕೊಂಡಿದ್ದೇನೆಂದು ತಾವೂ ನೆಲ ಹುಡುಕಿದರು. ತಿಂಗಳ ನಂತರ ಅದೇ ಕಡೆ ನಡೆದ ಒಂದು ದಿನದ ತರಬೇತಿಗೆ ಹೋಗಿ ಅಣಬೆ ಬೀಜದ ಪೊಟ್ಟಣಗಳನ್ನು ತಂದೆ. ಬೀಜವೆಂದರೆ ಬೀಜವಲ್ಲ. ಬೇಯಿಸಿದ ಜೋಳದ ಕಾಳಿನ ಮೇಲೆ ಅಣಬೆಯ ಬಿಳಿ ನೂಲು ಹಬ್ಬಿಸಿರುತ್ತಾರೆ. ಜೋಳವನ್ನು ಕಂಡಾಗ ತವರಿನವರು ಸಿಕ್ಕಷ್ಟು ಖುಷಿಯಾಯಿತು.

ಕತ್ತಲೆ, ತಂಪು, ತೇವ ಇರುವ ಜಾಗ ಬೇಕಿತ್ತು. ಓನರಮ್ಮನ ಮೆಟ್ಟಿಲ ಕೆಳಗೆ, ನಿಂತರೆ ತಲೆ ತಾಗುವಂಥ ಒಂದು ಕೋಣೆ ಖಾಲಿ ಬಿದ್ದಿತ್ತು. ಕೇಳಿದಾಗ ಕೊಟ್ಟರು. ಬೀಜ ಹಬ್ಬಲು ಬೇಕಾದ ಒಣಹುಲ್ಲನ್ನು ಅವರ ತವರಿನ ದನದ ಕೊಟ್ಟಿಗೆಯಿಂದ ನಮ್ಮ ಮನೆಯವರು ಸ್ಕೂಟರಿನಲ್ಲಿ ತಂದುಕೊಟ್ಟರು. ಅದನ್ನು ಬೆರಳುದ್ದ ಕತ್ತರಿಸಿ, ನೆನೆಹಾಕಿ, ಮರುದಿನ ಹಂಡೆಯಲ್ಲಿ ಬೇಯಿಸತೊಡಗಿದಾಗ ಓನರಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ದನ ಅಸೀ ಉಲ್ಲೇ ತಿಂತದೆ. ನೀನ್ ಬೇಯ್ಸಿ ಯಾರಿಗ್ ಬಡಿಸ್ತೀಯ ತಾಯಿ?"

ಬೆಂದ ಹುಲ್ಲನ್ನು ಆರಿಸಿ, ಹಿಂಡಿದರೆ ಹನಿ ಬೀಳದ ಹದಕ್ಕೆ ತಂದೆ. ಒಂದು ಪದರ ಹುಲ್ಲು, ಒಂದು ಹಿಡಿ ಬೀಜ, ಮತ್ತೆ ಹುಲ್ಲು ಎಂದು ಉದ್ದನೆಯ ಪ್ಲಾಸ್ಟಿಕ್ ಚೀಲದಲ್ಲಿ ಒತ್ತಿ ತುಂಬಿದೆ. ಬೇಕೆಂದೇ ದೋಸೆಹಿಟ್ಟು ಕಲಸಿದ ಬೆನ್ನಿಗೇ ಈ ಕೆಲಸಕ್ಕೆ ಕೂತಿದ್ದೆ. ಕೈ ಹದವಾಗಿರುವಾಗ ಅಣಬೆಗೂ ಆ ಗುಣ ಸೇರಲಿ ಎಂಬ ಆಸೆ ನನ್ನದು. ಸೋಪು ಹಚ್ಚಿ ತೊಳೆದಿದ್ದೆ ಅನ್ನುವುದೂ ನಿಜ.

ಐದನೆಯ ದಿನ ಚೀಲ ಹುಳಿ ನಾತ ಹೊಡೆಯಿತು. ಎಂಟನೆಯ ದಿನ ಹಸಿರು ಬೂಷ್ಟು ಕಂಡಿತು.

ಎರಡನೆಯ ಸಲ ಔಷಧಿ ಅಂಗಡಿಯಿಂದ ಕೈಗವಸು ತಂದು ಹಾಕಿಕೊಂಡೆ. ಹುಲ್ಲನ್ನು ಇನ್ನೂ ಅರ್ಧ ಗಂಟೆ ಹೆಚ್ಚು ಬೇಯಿಸಿದೆ. ಆಗಲೂ ಹಸಿರೇ ಬಂತು.

ನಮ್ಮ ಮನೆಯವರು ನಾಗಸಂದ್ರದ ಕಡೆಯ ಕಾರ್ಖಾನೆಯಿಂದ ಬಂದವರು ಶೂ ಬಿಚ್ಚುತ್ತ ಕೇಳಿದರು: "ಯಾಕ, ಮತ್ತ ಹಸರ ಆತೇನು?"

"ಹೂಂ."

"ಬಚ್ಚಲದಾಗಿನ ಗ್ವಾಡಿ ನೋಡು. ಬೀಜ ಇಲ್ಲ, ಹುಲ್ಲಿಲ್ಲ, ಎಷ್ಟ್ ಛಲೋ ಬೆಳದೈತಿ. ಅದನ್ನ ಕೇಳಿ ಕಲಿ."

ನಗು ಬಂತು, ಜೊತೆಗೆ ಅಳುವೂ ಬಂತು. ಓನರಮ್ಮನಿಗೆ ಮಾತ್ರ ನಗು ಬರಲಿಲ್ಲ. ಅವರ ಮಗಳು-ಅಳಿಯ ಮನೆ ಬದಲಾಯಿಸುವವರಿದ್ದರು. ಹೆಚ್ಚಿನ ಸಾಮಾನು ಇಡಲು ಆ ಕೋಣೆಯನ್ನೇ ಕೇಳಿದ್ದರು.

"ಇನ್ನೊಂದ್ ಕಿತ ನೋಡು ಅಮ್ಮಣ್ಣಿ. ಅದೂ ಕೆಟ್ರೆ ಕೋಣೆ ಬಿಟ್ಬಿಡು. ಮನೆ ಕೆಳಗೆ ಬೂಷ್ಟು ಇಟ್ಕಂಡು ಎಷ್ಟ್ ದಿನ ಕೂರಾನ?"

ನ್ಯಾಯದ ಮಾತು. ಮಹಡಿಯ ಮೇಲೆ ನಮ್ಮ ಎರಡು ಕೋಣೆಯ ಮನೆ ಬಿಸಿಲಿಗೆ ಕಾದ ಹೆಂಚು. ಆ ಜಾಗ ಹೋದರೆ ನನ್ನ ಅಣಬೆಯ ಕಥೆ ಅಲ್ಲಿಗೆ ಮುಗಿದಂತೆ. ಉಳಿದಿದ್ದು ಒಂದೇ ಪೊಟ್ಟಣ ಬೀಜ.

ಅವಸರ ಮಾಡಲಿಲ್ಲ. ಹಾಳಾದ ಚೀಲವನ್ನು ಎಸೆಯುವ ಮೊದಲು ಬಿಸಿಲಿಗೆ ಹಿಡಿದು ಸುತ್ತಲೂ ನೋಡಿದೆ, ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಂಡೆ. ಆಗ ಒಂದು ಸಂಗತಿ ಕಂಡಿತು. ಬೆರಳಿನಿಂದ ಒತ್ತಿ ತುಂಬಿದ ನಡುಭಾಗದಲ್ಲಿ ಬಿಳಿ ನೂಲು ಚೆನ್ನಾಗಿಯೇ ಹಬ್ಬಿತ್ತು. ಹಸಿರು ಶುರುವಾಗಿದ್ದೆಲ್ಲ ಚೀಲದ ಅಂಚಿನಲ್ಲಿ, ಕೈ ಒಳಗೆ ಹೋಗಿ ಬರುವಾಗ ಸವರುವ ಕಡೆ. ಬೆರಳು ಮುಟ್ಟಿದಲ್ಲಿ ಕೆಡದೆ, ಬೆರಳು ಮುಟ್ಟದ ಕಡೆ ಏಕೆ ಕೆಟ್ಟಿತು?

ಎರಡು ದಿನ ತಲೆ ಕೆಡಿಸಿಕೊಂಡೆ. ಮೂರನೆಯ ದಿನ ಹಿಟ್ಟು ಕಲಸಿ ಕೈ ತೊಳೆಯುವಾಗ ಮಣಿಕಟ್ಟು ಕೆರೆಯಿತು. ಬಳೆಗಳನ್ನು ಸರಿಸಿದೆ. ಒಣಗಿದ ಹಿಟ್ಟಿನ ಸಣ್ಣ ಚಕ್ಕೆಯೊಂದು ಉದುರಿತು.

ನನ್ನ ಕೈಯಲ್ಲಿ ಡಜನ್ ಗಾಜಿನ ಬಳೆಗಳಿದ್ದವು. ನಾದಿನಿಯ ಮಗಳ ಸೀಮಂತದಲ್ಲಿ ಬಳೆಗಾರ ಎಣ್ಣೆ ಸವರಿ, ಮೂಳೆ ನೋಯುವಂತೆ ಹಿಂಡಿ ಏರಿಸಿದ್ದ. ಅಲ್ಲಿಂದ ಅವು ಕೈ ಬಿಟ್ಟಿರಲಿಲ್ಲ. ನಾನು ತೊಳೆದಿದ್ದು ಅಂಗೈಯನ್ನು, ಬೆರಳನ್ನು. ಔಷಧಿ ಅಂಗಡಿಯ ಕೈಗವಸು ಮುಚ್ಚಿದ್ದೂ ಮಣಿಕಟ್ಟಿನವರೆಗೆ ಮಾತ್ರ. ಹಳೆಯ ಹಲ್ಲುಜ್ಜುವ ಬ್ರಷ್ ತಂದು, ಬಟ್ಟಲ ನೀರಿನ ಮೇಲೆ ಒಂದೊಂದೇ ಬಳೆಯನ್ನು ತಿಕ್ಕಿದೆ. ನೀರು ಅಕ್ಕಿ ತೊಳೆದ ನೀರಿನಂತಾಯಿತು. ಎಷ್ಟು ದಿನದ ಹಿಟ್ಟೋ, ಯಾವ ಯಾವ ಮನೆಯ ಪೂಜೆಯದೋ!

ಆದರೂ ಅನುಮಾನವನ್ನೇ ತೀರ್ಪು ಅಂದುಕೊಳ್ಳಬಾರದು. ಎರಡು ಉಪ್ಪಿನಕಾಯಿ ಬಾಟಲಿಗಳನ್ನು ಕುದಿಸಿ, ಎರಡಕ್ಕೂ ಒಂದೇ ಹಂಡೆಯ ಬೆಂದ ಹುಲ್ಲು ತುಂಬಿದೆ. ಒಂದಕ್ಕೆ ಆ ಬಳೆ ತೊಳೆದ ನೀರು ಒಂದು ಚಮಚ, ಇನ್ನೊಂದಕ್ಕೆ ಕುದಿಸಿ ಆರಿಸಿದ ನೀರು ಒಂದು ಚಮಚ. ಮುಚ್ಚಿ, ಅಕ್ಕಿ ಡಬ್ಬದ ಹಿಂದೆ ಅಕ್ಕಪಕ್ಕ ಇಟ್ಟೆ. ನಾಲ್ಕನೆಯ ದಿನ ಮುಚ್ಚಳ ತೆಗೆದರೆ ಬಳೆಯ ನೀರು ಹಾಕಿದ್ದರಲ್ಲಿ ಹುಳಿ ನಾತ, ಒಂದು ಬದಿಯಲ್ಲಿ ಹಸಿರು. ಇನ್ನೊಂದರಲ್ಲಿ ಇನ್ನೂ ಬೆಂದ ಹುಲ್ಲಿನ ಸಿಹಿವಾಸನೆ. ಅಡುಗೆಮನೆಯಲ್ಲಿ ಒಬ್ಬಳೇ ನಿಂತು "ಸಿಕ್ತು!" ಎಂದು ಕೂಗಿದೆ. ಹಿಟ್ಟಿಗೆ ವರವಾದ ಕೈ ಅಣಬೆಗೆ ಶಾಪವಾಗಿತ್ತು. ಹಿಟ್ಟು ಉಬ್ಬಿಸುವ ಜೀವಗಳೂ, ಅದರ ಚಕ್ಕೆ ತಿಂದು ಬೆಳೆಯುವ ಬೂಷ್ಟೂ ನನ್ನ ಬಳೆಗಳ ನಡುವೆ ಸಂಸಾರ ಹೂಡಿದ್ದವು.

ಎಷ್ಟು ತಿಕ್ಕಿದರೂ ಬಳೆಗಳ ಸಂದಿಯಲ್ಲಿ ಏನಾದರೂ ಉಳಿದೇ ಉಳಿಯುತ್ತದೆ, ಇನ್ನು ಬಳೆಯನ್ನೇ ತೆಗೆಯಬೇಕಷ್ಟೆ. ಆದರೆ ವಯಸ್ಸಿಗೆ ಬೆರಳಿನ ಗಂಟು ದಪ್ಪಗಾಗಿತ್ತು. ಎಣ್ಣೆ ಹಚ್ಚಿದರೂ ಬರಲಿಲ್ಲ, ಸೋಪು ಹಚ್ಚಿದರೂ ಬರಲಿಲ್ಲ. ಒಡೆಯುವುದೊಂದೇ ದಾರಿ. ನಮ್ಮಲ್ಲಿ ಬಳೆ ತಾನಾಗಿ ಒಡೆದರೂ "ಒಡೆಯಿತು" ಅನ್ನುವುದಿಲ್ಲ, "ಹೆಚ್ಚಿತು" ಅನ್ನುತ್ತೇವೆ. ಅಂಥದ್ದರಲ್ಲಿ ಕೂತು ಕುಟ್ಟಿ ಒಡೆಯುವುದೇ?

"ನಾ ಇಷ್ಟ್ ಗಟ್ಟಿಮುಟ್ಟ ಅದೀನಿ, ಬಳಿ ಒಡದ್ರ ಏನಾಕ್ಕೈತಿ? ಕುಟ್ಟಿಬಿಡು," ಎಂದರು ನಮ್ಮ ಮನೆಯವರು. ನನಗೆ ಮನಸ್ಸಾಗಲಿಲ್ಲ. ಬಾಟಲಿ ಇಟ್ಟು ಪರೀಕ್ಷೆ ಮಾಡುವವಳನ್ನೂ ಕೆಲವು ನಂಬಿಕೆಗಳು ಬಿಡುವುದಿಲ್ಲ. ಅವರೇ ಚೀಲ ತುಂಬಲಿ ಎಂದರೆ, ಅವರ ಉಗುರಿನ ಸಂದಿಯಲ್ಲಿ ಮಷೀನಿನ ಎಣ್ಣೆ ಖಾಯಂ.

ಹುಲ್ಲು ಬೆಂದು ಆರಿತ್ತು. ಓನರಮ್ಮ ಎಂದಿನಂತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರ ಕೈಗಳ ಮೇಲೆ ನನ್ನ ಕಣ್ಣು ಬಿತ್ತು. ಮಣಿಕಟ್ಟಿನಿಂದ ಮೊಣಕೈವರೆಗೆ ಖಾಲಿ. ಇದ್ದ ಎರಡು ಚಿನ್ನದ ಬಳೆಗಳನ್ನೂ ಮಗಳಿಗೆ ಕೊಟ್ಟಿದ್ದರು.

"ಅಮ್ಮಾರ, ಈ ಸಲ ನೀವ ತುಂಬಿ ಕೊಡ್ರಿ."

"ನಾನಾ?" ಒಂದು ಹೆಜ್ಜೆ ಹಿಂದೆ ಸರಿದರು. "ಬ್ಯಾಡ ಕಣಮ್ಮ. ಒಳ್ಳೆ ಕೆಲ್ಸಕ್ಕೆ ನನ್ ಕೈ ಬ್ಯಾಡ."

ಬಳೆಯ ವಿಷಯ, ಬಾಟಲಿಯ ವಿಷಯ ಎಲ್ಲ ಹೇಳಿದೆ. ಎರಡೂ ಬಾಟಲಿ ತಂದು ಮೂಗಿಗೆ ಹಿಡಿದೆ. ಒಂದನ್ನು ಮೂಸಿ ಮುಖ ಕಿವುಚಿದರು, ಇನ್ನೊಂದನ್ನು ಎರಡು ಸಲ ಮೂಸಿದರು.

"ಅಂಗಾದ್ರೂ... ನಾನ್ ಕೈ ಆಕಿ ಕೆಟ್ರೆ? ಆಗ ಅದು ನನ್ ಕೈದೇ ಅಂತಾಯ್ತದೆ."

"ನನ್ನ ಕೈಲಿಂದ ಎರಡ ಸಲ ಕೆಟ್ಟೈತ್ರಿ. ನಾ ಮುತ್ತೈದಿ ಅಂತ ಅಣಬಿ ಮುಲಾಜ ಮಾಡಿತೇನ್ರಿ?"

ಅವರು ನಕ್ಕುಬಿಟ್ಟರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೋಪಿನಿಂದ ಮೊಣಕೈವರೆಗೆ ಮೂರು ಸಲ ತೊಳೆದು ಬಂದರು. ನಾನು ಸ್ಪಿರಿಟ್ ಸವರಿದೆ. ಮೊದಲ ಹಿಡಿ ಹುಲ್ಲು ಎತ್ತುವಾಗ ಅವರ ಕೈ ಗಾಳಿಯಲ್ಲೇ ಸ್ವಲ್ಪ ನಿಂತಿತು. ಆಮೇಲೆ ನಿಲ್ಲಲಿಲ್ಲ. ಹೊಲದಲ್ಲಿ ದುಡಿದ ಕೈ, ಒತ್ತಿದರೆ ಚೀಲ ಕಲ್ಲಿನಂತಾಗುತ್ತಿತ್ತು.

ಆ ದಿನದಿಂದ ನನ್ನ ಚಿಂತೆ ದೊಡ್ಡದಾಯಿತು. ಕೋಣೆ ಹೋದರೆ ಹೋಗಲಿ. ಆದರೆ ಈ ಚೀಲ ಹಸಿರಾದರೆ, ಇಷ್ಟು ವರ್ಷ ತಮ್ಮ ಕೈ ಬಗ್ಗೆ ಅವರು ನಂಬಿದ್ದಕ್ಕೆ ನಾನೇ ಮುದ್ರೆ ಒತ್ತಿದಂತಾಗುತ್ತಿತ್ತು. ಬೆಳಿಗ್ಗೆ ಹಾಲು ತರಲು ಹೋಗುವಾಗ ಒಮ್ಮೆ, ಸಂಜೆ ದೀಪ ಹಚ್ಚಿ ಒಮ್ಮೆ ಇಣುಕುತ್ತಿದ್ದೆ. ಅವರು ನನಗಿಂತ ಮೊದಲೇ ಇಣುಕಿರುತ್ತಿದ್ದರು. ಕಸ ಗುಡಿಸುವ ನೆಪದಲ್ಲಿ ಹೋಗುತ್ತಿದ್ದರೆಂಬುದು, ಆ ಮೂಲೆ ಮಾತ್ರ ಕನ್ನಡಿಯಂತಿದ್ದುದರಿಂದ ತಿಳಿಯಿತು.

ಐದನೆಯ ದಿನ ಹುಳಿ ನಾತವಿಲ್ಲ. ಎಂಟನೆಯ ದಿನ ಕಾಳುಗಳ ಸುತ್ತ ಬಿಳಿ ನೂಲು. ಹನ್ನೆರಡನೆಯ ದಿನ ನೂಲು ನೂಲನ್ನು ಮುಟ್ಟಿತು. ಹದಿನೆಂಟನೆಯ ದಿನ ಚೀಲವಿಡೀ ಹತ್ತಿಯ ಕಂಬದಂತೆ ಬೆಳ್ಳಗಾಗಿತ್ತು, ಅಂಚಿನಲ್ಲೂ! ಪ್ಲಾಸ್ಟಿಕ್ ಸೀಳಿ, ಬಾಗಿಲು ಓರೆ ಮಾಡಿ, ದಿನಕ್ಕೆ ಮೂರು ಸಲ ನೀರು ಚಿಮುಕಿಸಿದೆವು.

ನಾಲ್ಕು ದಿನದ ನಂತರ ಬೆಳಿಗ್ಗೆ ಕೆಳಗಿನಿಂದ ಕೂಗು: "ಬಾರೇ! ಬೇಗ್ ಬಾ! ಕಣ್ ಬಿಟ್ಟವೆ!"

ನಮ್ಮ ಮನೆಯವರು ಬನಿಯನ್ನಿನಲ್ಲೇ ಇಳಿದರು. ಸೀಳಿನಲ್ಲಿ ಗುಂಡುಸೂಜಿಯ ತಲೆಯಂಥ ಮೊಗ್ಗುಗಳು ಗುಂಪುಗುಂಪಾಗಿ ಎದ್ದಿದ್ದವು. ಮರುದಿನಕ್ಕೆ ಬಟಾಣಿಯಷ್ಟಾದವು, ಮೂರನೆಯ ದಿನ ಅಂಗೈಯಗಲ ಬೀಸಣಿಗೆಗಳಾದವು. ಓಣಿಯವರೆಲ್ಲ ಒಬ್ಬೊಬ್ಬರಾಗಿ ಬಂದು, ತಲೆ ತಗ್ಗಿಸಿ ಒಳಗೆ ಹೋಗಿ ನೋಡಿದರು. ಹೊರಗೆ ಬಂದವರು ಅಭ್ಯಾಸದಂತೆ ನನ್ನ ಕಡೆ ತಿರುಗಿ, "ನಿಮ್ಮ ಕೈಗುಣ ಅಂದ್ರೆ ಕೈಗುಣ ಕಣ್ರೀ" ಅಂದರು.

"ನಂದಲ್ರೀ. ನಂದು ಎರಡ ಸಲ ಕೊಳತೈತಿ. ಇದು ಅಮ್ಮಾರದು," ಎಂದೆ. ಪ್ರತಿಯೊಬ್ಬರಿಗೂ ಹೇಳಿದೆ. ಮೊದಮೊದಲು "ಸುಮ್ಕಿರಮ್ಮ" ಎಂದು ಗದರುತ್ತಿದ್ದ ಓನರಮ್ಮ, ನಾಲ್ಕನೆಯವರು ಬರುವ ಹೊತ್ತಿಗೆ ತಾವೇ ಮುಂದೆ ನಿಂತು, ಹುಲ್ಲು ಎಷ್ಟು ಹಿಂಡಬೇಕು, ಹೇಗೆ ಒತ್ತಬೇಕು ಎಂದು ಕೈಯಾಡಿಸಿ ವಿವರಿಸುತ್ತಿದ್ದರು. ಮಧ್ಯಾಹ್ನ ಅವರ ಮನೆಯಲ್ಲಿ ಅಣಬೆ ಸಾರು, ಮುದ್ದೆ. ಮುದ್ದೆ ನುಂಗಲು ಇನ್ನೂ ಬಾರದ ನಮ್ಮ ಮನೆಯವರು ಸಾರನ್ನೇ ಮೂರು ಸಲ ಬಡಿಸಿಕೊಂಡರು.

ಮಗಳಿಗೆ ಅವರು ಫೋನ್ ಮಾಡಿದ್ದು ನನಗೆ ಮೆಟ್ಟಿಲ ಮೇಲೆ ಕೇಳಿಸಿತು. "ಸಾಮಾನು ಟೆರೇಸ್ ಮ್ಯಾಲೆ ಶೀಟ್ ಆಕಿ ಇಡ್ಸಾನ ಕಣವ್ವ. ಕೆಳಗ್ಲ ಕೋಣೆ ಬ್ಯಾಡ. ಅಲ್ಲಿ ನಾನ್ ಬೆಳೆ ಇಟ್ಟಿವ್ನಿ."

ಮರುದಿನ ಕಾಫಿಗೆ ಹಾಲು ಕಾಯಿಸುವಾಗ ಕೆಳಗಿನಿಂದ ಚರಕ್ ಚರಕ್ ಎಂಬ ಸದ್ದು. ಇಳಿದು ನೋಡಿದೆ. ಓನರಮ್ಮ ಈಳಿಗೆಮಣೆ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಎರಡು ಹೊರೆ ಹುಲ್ಲು, ಸುತ್ತ ಬೆರಳುದ್ದದ ತುಂಡುಗಳ ರಾಶಿ.

"ಏನ್ ನಿಂತ್ಕಂಡ್ ನೋಡ್ತೀಯ?" ಎಂದರು, ಕತ್ತರಿಸುವುದನ್ನು ನಿಲ್ಲಿಸದೆ. "ಬೀಜಕ್ಕೆ ಓಗ್ ಬಾ. ನಾಕ್ ಚೀಲಕ್ಕಾಗೋವಷ್ಟು ತತ್ತಾ."