ಹೆಸರು ಕೂಗದೆ ಸ್ವಿಚ್ ಹಾಕದ ಕಲಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಂಗಾರಪೇಟೆಯ ಹೊರಗೆ, ಮಾವಿನ ಹಣ್ಣಿನ ತಿರುಳು ತೆಗೆಯುವ ಫ್ಯಾಕ್ಟರಿಯೊಂದರ ಮುಂದೆ ಲಾರಿಗಳು ಒಂದರ ಹಿಂದೊಂದು ನಿಂತುಬಿಟ್ಟಿವೆ. ಡ್ರೈವರುಗಳು ಟೀ ಹೀರುತ್ತಾ ಫ್ಯಾಕ್ಟರಿಯವರ ಜನ್ಮ ಜಾಲಾಡುತ್ತಿದ್ದಾರೆ. ಬೈಯದೆ ಇನ್ನೇನು ಮಾಡಿಯಾರು? ಹಣ್ಣು ತೊಳೆಯುವ ಲೈನಿನ ಬ್ರೇಕರು, ಅಪಾಯ ಕಂಡರೆ ತಾನೇ ಕರೆಂಟು ಕಡಿಯುವ ದೊಡ್ಡ ಸ್ವಿಚ್ಚು, ಮೂರು ದಿನದಿಂದ ಬೀಳುತ್ತಲೇ ಇದೆ. ಎತ್ತಿ ನಿಲ್ಲಿಸಿದರೆ ಒಂದು ಗಳಿಗೆ ನಿಲ್ಲುತ್ತದೆ, ಮತ್ತೆ ಧಡ್ಡೆಂದು ಬೀಳುತ್ತದೆ. ಲಾರಿಯೊಳಗಿನ ಹಣ್ಣು ಅಲ್ಲೇ ಕೊಳೆಯಲು ಶುರುವಾಗಿ, ರಸ್ತೆಯ ತುಂಬ ಹುಳಿ ವಾಸನೆ.

ಒಳಗೆ ಪ್ಯಾನೆಲ್ ರೂಮಿನಲ್ಲಿ ಆಳೆತ್ತರದ ಕಬ್ಬಿಣದ ಬೀರುಗಳ ಸಾಲು. ಅದರಲ್ಲೊಂದರ ಮುಂದೆ ಕಲಾ ಮಂಡಿಯೂರಿ ಕೂತಿದ್ದಾರೆ. ನಲವತ್ತು ದಾಟಿದ ಹೆಂಗಸು, ಚೂಡಿದಾರದ ಮೇಲೊಂದು ದೊಗಳೆ ನೀಲಿ ಶರ್ಟು, ಕೊರಳಿಗೆ ದಾರ ಕಟ್ಟಿದ ಕನ್ನಡಕ. ಕೈಯಲ್ಲಿ ಅಂಗೈಯಗಲದ ಒಂದು ಯಂತ್ರ. ಪುಟ್ಟ ಪರದೆ, ನಾಲ್ಕಾರು ಗುಂಡಿ, ಬಾಲದಂತೆ ಒಂದು ವೈರು. ಆ ವೈರಿನ ತುದಿಯನ್ನು ಬ್ರೇಕರಿನ ಮುಖದಲ್ಲಿರುವ ತೂತಿಗೆ ಚುಚ್ಚಿ, ಪರದೆಯಲ್ಲಿ ಕಣ್ಣು ನೆಟ್ಟು ಗುಂಡಿ ಒತ್ತುತ್ತಾರೆ.

"ಏನಮ್ಮಾ, ಟಿವಿ ರಿಮೋಟು ತಂದು ಫ್ಯಾಕ್ಟರಿ ರಿಪೇರಿ ಮಾಡ್ತೀಯಾ?" ಬಾಗಿಲಲ್ಲಿ ನಿಂತ ವಾಚ್‌ಮನ್ ಎಂದಿನಂತೆ ಕೆಣಕುತ್ತಾನೆ.

"ಊನಣ್ಣಾ. ನಿಮ್ಮನೇಲಿ ಸೀರಿಯಲ್ಲು ಬರ್ದಿದ್ರೂ ಯೇಳಿ, ಬತ್ತೀನಿ," ಅನ್ನುತ್ತಾರೆ ಕಲಾ, ತಲೆ ಎತ್ತದೆ.

ಆ ಯಂತ್ರಕ್ಕೆ ಕಾಗದದ ಮೇಲೆ ಪ್ರೋಗ್ರಾಮರ್ ಅಂತ ಹೆಸರಿದ್ದರೂ ಈ ಕಡೆಯ ಫ್ಯಾಕ್ಟರಿಗಳಲ್ಲಿ ಅದು 'ಕಲಾಕ್ಕನ ರಿಮೋಟು'. ದೊಡ್ಡ ಬ್ರೇಕರುಗಳಿಗೆ ಈಗ ಬುದ್ಧಿ ಬಂದಿದೆ. ಎಷ್ಟು ಕರೆಂಟು ಹರಿದರೆ ಎಷ್ಟು ಹೊತ್ತು ತಾಳಿಕೊಳ್ಳಬೇಕು, ನೆಲಕ್ಕೆ ಸೋರಿದರೆ ಯಾವಾಗ ಬೀಳಬೇಕು, ಎಲ್ಲವನ್ನೂ ಅದರ ಹೊಟ್ಟೆಯಲ್ಲಿರುವ ಟ್ರಿಪ್ ಯೂನಿಟ್ಟು ನೋಡಿಕೊಳ್ಳುತ್ತದೆ. ಆ ಯೂನಿಟ್ಟಿಗೆ ಪಾಠ ಹೇಳುವುದು ಈ ರಿಮೋಟು. ಯಾಕೆ ಬಿದ್ದೆ ಅಂತ ಕೇಳಿದರೆ ಅದು ಹೇಳುತ್ತದೆ. ತಾಳ್ಮೆ ಜಾಸ್ತಿ ಮಾಡಿಕೋ ಅಂದರೆ ಮಾಡಿಕೊಳ್ಳುತ್ತದೆ. ಸೋರಿದರೂ ಸುಮ್ಮನಿರು ಅಂದರೆ, ಪಾಪ, ಸುಮ್ಮನೇ ಇರುತ್ತದೆ.

"ಅದೇ ನೋಡಿ ಕಷ್ಟ. ಅದು ನಮ್ ಮಾತು ಕೇಳ್ತದೆ. ಯಾರ್ ಬಂದು ಏನ್ ಯೇಳಿದ್ರೂ ಕೇಳ್ತದೆ," ಅನ್ನುತ್ತಾರೆ ಕಲಾ.

ಇವತ್ತು ಬ್ರೇಕರು ಕೊಟ್ಟ ಉತ್ತರ ಸ್ಪಷ್ಟ. ಹಣ್ಣು ತೊಳೆಯುವ ನೀರು ಹರಿದು ಹೋಗುವ ಚರಂಡಿಯ ಪಕ್ಕದಲ್ಲೇ ಕೇಬಲ್ಲು ಮಲಗಿದೆ. ಅದರ ಮೈಮೇಲಿನ ರಬ್ಬರು ಕೊಳೆತು ಕರೆಂಟು ನೆಲಕ್ಕೆ ಸೋರುತ್ತಿದೆ. ಕೇಬಲ್ಲು ಬದಲಾಯಿಸಬೇಕು ಅಂದರೆ ಅರ್ಧ ದಿನ ಲೈನು ನಿಲ್ಲಬೇಕು. ಮ್ಯಾನೇಜರು ಬರುತ್ತಾರೆ. ರಾತ್ರಿಯಿಡೀ ನಿದ್ದೆ ಇಲ್ಲದ ಮುಖ. ಕೆಟ್ಟ ಮನುಷ್ಯನೇನಲ್ಲ, ತಲೆ ಮೇಲೆ ಮಾಲೀಕರು ಕೂತಿದ್ದಾರೆ.

"ಸೆಟ್ಟಿಂಗ್ ಒಂಚೂರು ಏರಿಸಿಬಿಡಿ ಕಲಾ ಅವರೇ, ಬೀಳದ ಹಾಗೆ. ಸೀಸನ್ ಮುಗಿದ ಮೇಲೆ ಕೇಬಲ್ ನೋಡೋಣ. ಹೊರಗೆ ಲಾರಿ ನೋಡಿದ್ರಲ್ಲ?"

ಕಲಾ ವೈರು ಸುತ್ತಿ, ರಿಮೋಟನ್ನು ಬ್ಯಾಗಿಗೆ ಹಾಕಿಕೊಳ್ಳುತ್ತಾರೆ. ಹೊರಟೇಬಿಟ್ಟರು ಅಂದುಕೊಳ್ಳಬೇಕು, ಹೊರಡುವುದಿಲ್ಲ. ಮೂಲೆಯಲ್ಲಿದ್ದ ಹಣ್ಣಿನ ಕ್ರೇಟೊಂದನ್ನು ಎಳೆದು ಪ್ಯಾನೆಲ್ಲಿನ ಎದುರಿಗೇ ಬೋರಲು ಹಾಕಿ, ಅದರ ಮೇಲೆ ಬ್ಯಾಗು ತಬ್ಬಿಕೊಂಡು ಕೂತುಬಿಡುತ್ತಾರೆ.

"ಏರಿಸಲ್ಲ ಸಾರ್. ಎದ್ದೂ ಓಗಲ್ಲ. ಓದ್ ವರ್ಸ ಎದ್ದೋಗಿದ್ದೆ."

ಮ್ಯಾನೇಜರು ಎದುರಿನ ಗೋಡೆಯತ್ತ ತಿರುಗುತ್ತಾರೆ. ಹೋದ ವರ್ಷ ಇದೇ ರೂಮಿನಲ್ಲಿ ಏನಾಯಿತು ಅಂತ ಅವರಿಗೆ ಗೊತ್ತು. ಆ ಗೋಡೆಗೆ ಹೊಸ ಸುಣ್ಣ ಬಳಿದಿದ್ದಾರೆ, ಆದರೂ ಒಂದು ಕಡೆ ಮಸಿ ಇಣುಕುತ್ತಿದೆ.

ಕಲಾ ಹುಟ್ಟಿದ್ದು ಕೆಜಿಎಫ್‌ನಲ್ಲಿ, ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರಿಗೆ ಸಾಲಾಗಿ ಕಟ್ಟಿದ ಲೈನು ಮನೆಯಲ್ಲಿ. ಈಗಲೂ ಅಲ್ಲೇ ವಾಸ. ಅಪ್ಪ ಕುಪ್ಪುಸ್ವಾಮಿ ಗಣಿಯೊಳಗೆ ಮದ್ದು ಸಿಡಿಸುವ ಗ್ಯಾಂಗಿನಲ್ಲಿದ್ದವರು. ಬತ್ತಿಗೆ ಬೆಂಕಿ ಇಡುವ ಮುಂಚೆ ಅವರು ಗ್ಯಾಂಗಿನ ಒಬ್ಬೊಬ್ಬರ ಹೆಸರನ್ನೂ ಕೂಗುತ್ತಿದ್ದರಂತೆ. ಹೆಸರು ಕೂಗಿಸಿಕೊಂಡವನು ಕತ್ತಲಿಂದ "ಇರುಕ್ಕೇನ್" ಅನ್ನಬೇಕು, ಇದ್ದೀನಿ ಅಂತ. ಎಲ್ಲರ ದನಿಯೂ ಬರುವ ತನಕ ಬೆಂಕಿ ಇಲ್ಲ, ಮೇಲಿನವರು ಎಷ್ಟೇ ಅರಚಿಕೊಳ್ಳಲಿ. ಗಣಿ ಮುಚ್ಚಿತು. ಅಪ್ಪನ ಎದೆಯೊಳಗೆ ಸೇರಿದ ಧೂಳು ಮಾತ್ರ ಹೊರಗೆ ಬರಲಿಲ್ಲ. ಕೆಮ್ಮಿ ಕೆಮ್ಮಿಯೇ ಹೋದರು. ತಾಯಿ ಅದಕ್ಕೂ ಮುಂಚೆಯೇ ಹೋಗಿದ್ದರು. ಉಳಿದವನು ತಮ್ಮ ವೇಣು, ಆಗಿನ್ನೂ ಚಡ್ಡಿ ಹಾಕುವ ಹುಡುಗ.

ಅವನನ್ನು ಸಾಕಿದ್ದು ಕಲಾ. ಐಟಿಐನಲ್ಲಿ ಕರೆಂಟಿನ ಕೆಲಸ ಕಲಿತು, ಬಂಗಾರಪೇಟೆಯ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಹತ್ತಿರ ಸೇರಿಕೊಂಡರು. ಹೆಣ್ಣು ಮಗಳು ಪ್ಯಾನೆಲ್ ಬಿಚ್ಚುವುದೇ ಅಂತ ಮೂಗು ಮುರಿದವರೆಲ್ಲ ಆಮೇಲೆ ಅವರನ್ನೇ ಕೇಳಿಕೊಂಡು ಬಂದರು. ಮದುವೆಯ ಮಾತು ಎರಡು ಸಲ ಬಂದಿತ್ತು. ತಮ್ಮ ಒಂದು ದಡ ಸೇರಲಿ ಅಂತ ತಳ್ಳಿಹಾಕಿದರು, ಆಮೇಲೆ ಮಾತೇ ಬರಲಿಲ್ಲ. ತಮ್ಮನಿಗೂ ಇದೇ ಕೆಲಸ ಕಲಿಸಿ, ಈ ಹಣ್ಣಿನ ಫ್ಯಾಕ್ಟರಿಯಲ್ಲಿ ಪ್ಯಾನೆಲ್ ಆಪರೇಟರ್ ಮಾಡಿಸಿದ್ದೂ ಅವರೇ. ಪಕ್ಕದ ಲೈನು ಮನೆ ಖಾಲಿಯಾದಾಗ ಅಲ್ಲೇ ಅವನ ಸಂಸಾರ ಹೂಡಿಸಿದರು. ಅವನ ಹೆಂಡತಿ ಮೀನಾ, ಅತ್ತಿಗೆ-ನಾದಿನಿ ಜಗಳ ಒಂದು ದಿನವೂ ಆಗದ ಹಾಗೆ ಹೊಂದಿಕೊಂಡವಳು.

ಅಪ್ಪನ ಕೂಗನ್ನು ಕಲಾ ಫ್ಯಾಕ್ಟರಿಗೆ ತಂದರು. ರಿಪೇರಿ ಮುಗಿದು ಬ್ರೇಕರು ಎತ್ತುವ ಮುಂಚೆ, ಆ ಲೈನಿನಲ್ಲಿ ಕೈ ಇಟ್ಟ ಪ್ರತಿಯೊಬ್ಬರ ಹೆಸರನ್ನೂ ಅವರು ಕೂಗುತ್ತಾರೆ. ಮೊದಮೊದಲು ಜನ ನಕ್ಕರು. "ಏನಕ್ಕಾ, ಇಸ್ಕೂಲ್ ಆಜರಿನಾ?" ಅಂದರು. ಈಗ ಯಾರೂ ನಗುವುದಿಲ್ಲ. ಬೂದಿಕೋಟೆ ಕಡೆಯ ಹುಡುಗರು "ಇವ್ನಿ ಅಕ್ಕಾ" ಅನ್ನುತ್ತಾರೆ, ಕೆಜಿಎಫ್‌ನವರು "ಇರುಕ್ಕೇನ್" ಅನ್ನುತ್ತಾರೆ, ಗಡಿಯಾಚೆಯಿಂದ ಬಂದವರು "ಉನ್ನಾನು" ಅನ್ನುತ್ತಾರೆ. ಮೂರೂ ಭಾಷೆಯಲ್ಲಿ ಇದ್ದೀನಿ ಅಂದರೆ ಇದ್ದೀನಿ.

ಹೋದ ವರ್ಷದ ಸೀಸನ್ನಿನಲ್ಲಿ ಬಿದ್ದಿದ್ದು ಕೋಲ್ಡ್ ರೂಮಿನ ಬ್ರೇಕರು. ಕಾರಣ ಇದೇ, ಸೋರುವ ಕೇಬಲ್ಲು. ಆಗ ಬೇರೆ ಮ್ಯಾನೇಜರು ಇದ್ದರು. ಏರಿಸಿ ಅಂದರು. ಕಲಾ ಆಗೋದಿಲ್ಲ ಅಂದರು. ವೇಣುವೇ ಹತ್ತಿರ ಬಂದು ಮೆಲ್ಲಗೆ ಕೇಳಿದ. ಬ್ರೇಕರು ಬಿದ್ದಾಗಲೆಲ್ಲ ಬೈಗುಳ ತಿನ್ನುತ್ತಿದ್ದವನು ಅವನಲ್ಲವೇ?

"ಅಕ್ಕಾ, ನಂಗೋಸ್ಕರ ಒಂಚೂರು ಏರಿಸ್ಬುಡೇ. ದಿನಾ ಇವ್ರ ಬಾಯಿಗೆ ಬೀಳಾಕ್ ಆಗ್ತಿಲ್ಲ."

"ಲೇ, ನಿನ್ನ ಮುಂದಿರೋ ಪ್ಯಾನೆಲ್ ಕಣೋ ಅದು. ಸಿಡಿದ್ರೆ ನಿನ್ ಮುಖಕ್ಕೇ," ಅಂದರಂತೆ ಕಲಾ. ಬ್ಯಾಗು ಹೆಗಲಿಗೇರಿಸಿಕೊಂಡು, ಯಾರ ಮುಖವನ್ನೂ ನೋಡದೆ, ರೈಲು ಹತ್ತಿ ಮನೆಗೆ ಬಂದುಬಿಟ್ಟರು. ತಪ್ಪು ಕೆಲಸ ಹೇಳಿದರೆ ಎದ್ದು ಬರುವುದು ಅವರ ಯಾವತ್ತಿನ ರೀತಿ. ಅದರ ಬಗ್ಗೆ ಒಳಗೊಳಗೇ ಒಂದು ಹೆಮ್ಮೆಯೂ ಇತ್ತು.

ಅವರು ಎದ್ದು ಬಂದ ಮೇಲೆ ಫ್ಯಾಕ್ಟರಿಯವರು ಹೊರಗಿನಿಂದ ಇನ್ನೊಬ್ಬನನ್ನು ಕರೆಸಿದರು. ಅವನ ಕೈಯಲ್ಲೂ ಇಂಥದ್ದೇ ರಿಮೋಟು. ಅವನು ಒಂಚೂರು ಏರಿಸಲಿಲ್ಲ. ಸೋರಿಕೆಗೆ ಬೀಳುವ ಗುಣವನ್ನೇ ಪೂರ್ತಿ ಆರಿಸಿ, ಉಳಿದದ್ದನ್ನು ಕೊನೆಯ ತನಕ ಏರಿಸಿ, ಟೀ ಕುಡಿದು ಹೋದ. ಬ್ರೇಕರು ಬೀಳುವುದು ನಿಂತಿತು. ಎಲ್ಲರೂ ಖುಷಿಪಟ್ಟರು. ಆ ವಾರವೇ ಒಂದು ಬೆಳಿಗ್ಗೆ ಪ್ಯಾನೆಲ್ಲಿನೊಳಗೆ ಏನೋ ಗುಂಯ್‌ಗುಟ್ಟಿತು ಅಂತ ವೇಣು ಬಾಗಿಲು ತೆಗೆದ. ಬೀಳಬೇಕಾದ ಬ್ರೇಕರು ಬೀಳಲಿಲ್ಲ. ಒಳಗಿನ ಬೆಂಕಿಯೆಲ್ಲ ಅವನ ಮೇಲೆ ಬಿತ್ತು.

ಜೀವ ಉಳಿಯಿತು. ಎರಡೂ ಕೈಯ ಬೆರಳು ಅಂಟಿಕೊಂಡವು, ಒಂದು ಕಣ್ಣು ಹೋಯಿತು. ಆಸ್ಪತ್ರೆಯಲ್ಲಿ ಬ್ಯಾಂಡೇಜು ಬಿಚ್ಚಿದ ದಿನ ಕಲಾ ಮಂಚದ ಪಕ್ಕದಲ್ಲೇ ನಿಂತಿದ್ದರು. ವೇಣು ತನ್ನ ಕೈಗಳನ್ನು ನೋಡಿಕೊಂಡ. ಆಮೇಲೆ ಅಕ್ಕನನ್ನು ನೋಡಿದ.

"ನೀನೇ ಒಂಚೂರು ಏರಿಸಿ ಓಗಿದ್ರೆ ಅವ್ನನ್ನ ಕರೆಸ್ತಾನೇ ಇರ್ಲಿಲ್ಲ. ನಿನ್ ಕೈ ಸುದ್ದವಾಗಿರ್ಬೇಕು ಅಂತ ನನ್ ಕೈ ಸುಟ್ಬುಟ್ಟೆ."

ಅದೇ ಕೊನೆ. ಒಂದು ವರ್ಷವಾಯಿತು, ಅವನು ಅಕ್ಕನ ಜೊತೆ ಒಂದು ಮಾತೂ ಆಡಿಲ್ಲ. ನಡುವೆ ಇರುವುದು ಒಂದೇ ಗೋಡೆ. ಅವನ ಕೆಮ್ಮು ಕೂಡ ಇವರಿಗೆ ಕೇಳಿಸುತ್ತದೆ.

"ಊರೋರೆಲ್ಲ ಬಂದು ನಿನ್ ತಪ್ಪೇನಿಲ್ಲ ಕಣಮ್ಮಾ ಅಂತಾರೆ. ತಪ್ಪಿಲ್ಲ, ಸರಿ. ಆದ್ರೆ ಅವ್ನು ಯೇಳಿದ್ದು ಸುಳ್ಳಾ? ಸುಳ್ಳಲ್ಲ. ನಾನು ಆವತ್ತು ಅಲ್ಲೇ ಕೂತು ಜಗಳ ಆಡ್ಬೇಕಿತ್ತು, ಕೇಬಲ್ ತರೋಗಂಟ. ಇಲ್ಲ ಅಂತ ಯೇಳಿ ಎದ್ ಬರೋದು ಬಲು ಸುಲಭ," ಅನ್ನುತ್ತಾರೆ ಕಲಾ. ಇದನ್ನು ಅಳುತ್ತಾ ಹೇಳುವುದಿಲ್ಲ. ಅತ್ತಿದ್ದರೆ ಕೇಳುವವರಿಗೆ ಸ್ವಲ್ಪ ಹಗುರವಾಗುತ್ತಿತ್ತು.

ಹೊಸ ಮ್ಯಾನೇಜರು ಹೋದ ತಿಂಗಳು ಕರೆ ಕಳಿಸಿದಾಗ ಲೈನಿನ ಹೆಂಗಸರೆಲ್ಲ ಆ ಪಾಪದ ಜಾಗಕ್ಕೆ ಮತ್ತೆ ಕಾಲಿಡಬೇಡ ಅಂದರು. ಕಲಾ ಕೇಳಲಿಲ್ಲ. ಅವರು ಹೋಗದಿದ್ದರೆ ಯಾರು ಬರುತ್ತಾರೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ವೇಣು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಬೂದಿಕೋಟೆಯ ಅಂಬರೀಶ್ ನಿಲ್ಲುತ್ತಾನೆ. ಹೊಸದಾಗಿ ಮದುವೆಯಾದವನು, ಅಂಗೈಯಿಂದ ಮದರಂಗಿ ಇನ್ನೂ ಪೂರ್ತಿ ಹೋಗಿಲ್ಲ. ಕ್ರೇಟಿನ ಮೇಲೆ ಕೂತ ಕಲಾ ಆ ಕೈಗಳನ್ನೇ ನೋಡುತ್ತಿರುತ್ತಾರೆ.

ಬಿಸಿಲು ಏರುತ್ತದೆ. ಮ್ಯಾನೇಜರು ಎರಡು ಸಲ ಬಂದು ಗದರಿ ಹೋಗುತ್ತಾರೆ, ಮೂರನೇ ಸಲ ಬಂದು ಗೋಗರೆಯುತ್ತಾರೆ. ಲಾರಿ ಡ್ರೈವರೊಬ್ಬ ಒಳಗೇ ನುಗ್ಗಿ, "ಈವಮ್ಮನ್ನ ಎತ್ತಿ ಆಚೆ ಆಕ್ರಯ್ಯಾ," ಅಂತ ಕೂಗಾಡುತ್ತಾನೆ. ಕಲಾ ಕ್ಯಾರೇ ಅನ್ನುವುದಿಲ್ಲ. ಯಾರೋ ತಂದಿಟ್ಟ ಚಿತ್ರಾನ್ನವನ್ನು ಅಲ್ಲೇ ಕೂತು ತಿನ್ನುತ್ತಾರೆ. ನೀರು ಕುಡಿಯಲೂ ಏಳುವುದಿಲ್ಲ. ಎದ್ದರೆ ಯಾರಾದರೂ ಪ್ಯಾನೆಲ್ಲಿಗೆ ಕೈ ಹಾಕಿಯಾರು ಅನ್ನುವ ಭಯ ಮುಖದಲ್ಲೇ ಕಾಣುತ್ತದೆ. ಕೊನೆಗೆ ಸೋತವರು ಮ್ಯಾನೇಜರು. ಫೋನು ತೆಗೆದು ಮಾಲೀಕರ ಹತ್ತಿರ ಉಗಿಸಿಕೊಂಡು, ಬಂಗಾರಪೇಟೆಗೆ ಗಾಡಿ ಕಳಿಸುತ್ತಾರೆ.

ಹೊಸ ಕೇಬಲ್ಲು ಬಂದು, ಎಳೆದು, ಕಟ್ಟಿ ಮುಗಿಸುವಷ್ಟರಲ್ಲಿ ಮಧ್ಯಾಹ್ನ ಇಳಿಯುತ್ತದೆ. ಕಲಾ ರಿಮೋಟು ಚುಚ್ಚಿ, ಎಲ್ಲ ಇದ್ದ ಹಾಗೇ ಇದೆಯಾ ಅಂತ ಒಂದೊಂದೇ ನೋಡುತ್ತಾರೆ. ಸುಳ್ಳು ಸೋರಿಕೆ ತೋರಿಸಿ ಬ್ರೇಕರನ್ನು ಒಂದು ಸಲ ಬೀಳಿಸುತ್ತಾರೆ. ಧಡ್! ಆ ಸದ್ದಿಗೆ ಎಲ್ಲರೂ ಬೆಚ್ಚುತ್ತಾರೆ, ಕಲಾ ಒಬ್ಬರೇ ಉಸಿರು ಬಿಡುತ್ತಾರೆ. ಆಮೇಲೆ ಎದ್ದು ನಿಂತು ಹೆಸರು ಕೂಗುತ್ತಾರೆ.

"ಸಾಯಿಕುಮಾರ್!"

"ಉನ್ನಾನು ಅಕ್ಕಾ."

"ಸುಬ್ರಮಣಿ!"

"ಇರುಕ್ಕೇನ್."

"ವೇಣು!"

ಬಾಯಿ ತಪ್ಪಿ ಬಂದುಬಿಟ್ಟಿತು. ಕಲಾ ಕನ್ನಡಕ ತೆಗೆದು ಶರ್ಟಿನ ತುದಿಯಲ್ಲಿ ಒರೆಸುತ್ತಾರೆ, ಮತ್ತೆ ಹಾಕಿಕೊಳ್ಳುತ್ತಾರೆ.

"ಅಂಬರೀಶ್."

"ಇವ್ನಿ ಅಕ್ಕಾ. ಇಲ್ಲೇ ಇವ್ನಿ."

ಬ್ರೇಕರು ಏಳುತ್ತದೆ, ನಿಲ್ಲುತ್ತದೆ. ಮೆಷಿನ್ನು ತಿರುಗಿ, ಹೊರಗೆ ಲಾರಿಗಳು ಒಂದೊಂದೇ ಮುಂದೆ ಸರಿಯುತ್ತವೆ. ಕಲಾಗೆ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ. ಡ್ರೈವರು ಹೋಗುತ್ತಾ ಇನ್ನೊಂದು ಬೈಗುಳ ಎಸೆದು ಹೋಗುತ್ತಾನೆ.

ಸಂಜೆಯ ರೈಲಿನಲ್ಲಿ ಬೆಂಗಳೂರಿನಿಂದ ವಾಪಸಾಗುವ ಜನರ ನಡುವೆ ಕಲಾ ನಿಂತೇ ಬರುತ್ತಾರೆ. ಕೆಜಿಎಫ್‌ನಲ್ಲಿ ಗಣಿಯ ಕಸ ಸುರಿದು ಬೆಳೆದ ಸೈನೈಡ್ ದಿಬ್ಬದ ಬಿಳಿ ಧೂಳು ಗಾಳಿಗೆ ಎದ್ದು ಲೈನು ಮನೆಗಳ ಮೇಲೆ ಇಳಿಯುತ್ತಿದೆ. ಅವರು ತಮ್ಮ ಮನೆಯ ಬೀಗ ತೆಗೆಯುವ ಮುಂಚೆ ಪಕ್ಕದ ಬಾಗಿಲಲ್ಲಿ ನಿಲ್ಲುತ್ತಾರೆ. ಒಂದು ವರ್ಷದಿಂದ ಇದೇ ಪದ್ಧತಿ.

"ವೇಣೂ!"

ಒಳಗೆ ಟಿವಿ ಜೋರಾಗಿ ಓಡುತ್ತಿದೆ. "ಇದಾರೆ ಅಕ್ಕಾ," ಅಂತ ಉತ್ತರ ಕೊಡುವವಳು ಮೀನಾ. ಗಂಡನ ಪಾಲಿನ ಉತ್ತರವನ್ನು ದಿನವೂ ಅವಳೇ ಕೊಟ್ಟು ಕೊಟ್ಟು ಸೋತಿದ್ದಾಳೆ. ಮಿಕ್ಕ ದಿನ ಇಲ್ಲಿಗೆ ಮುಗಿಯುತ್ತದೆ. ಇವತ್ತು ಕಲಾ ಹೊಸಿಲ ಮೇಲೆ ಕೂತುಕೊಳ್ಳುತ್ತಾರೆ.

"ತೊಳಿಯೋ ಲೈನಿನ್ ಕೇಬಲ್ ಕೊಳ್ತೋಗಿತ್ತು ಕಣೋ. ಏರ್ಸು ಅಂದ್ರು. ನಾನು ಎದ್ ಬರ್ಲಿಲ್ಲ. ಅಲ್ಲೇ ಕುಂತಿದ್ದು ಒಸ ಕೇಬಲ್ ಆಕ್ಸಿ ಬಂದೆ."

ಟಿವಿಯ ಸದ್ದು ಇಳಿಯುತ್ತದೆ. ಮೀನಾ ಸೆರಗು ಬಾಯಿಗಿಟ್ಟುಕೊಂಡು ಬಾಗಿಲ ಸಂದಿಯಲ್ಲಿ ನಿಂತಿದ್ದಾಳೆ. ಆಮೇಲೆ ಕತ್ತಲ ಮೂಲೆಯಿಂದ ಒಂದು ಒರಟು ದನಿ.

"ಈಗ ನನ್ ಜಾಗ್ದಲ್ಲಿ ನಿಲ್ಲೋ ಆ ಉಡುಗಂಗೆ ಯೇಳು. ಬಾಗ್ಲು ತೆಗ್ಯೋವಾಗ ಎದುರ್ಗೆ ನಿಂತ್ಕಬೇಡ ಅನ್ನು. ಪಕ್ಕಕ್ಕೆ ನಿಂತು, ಮುಖ ತಿರುಗ್ಸಿ ತೆಗೀಲಿ."

ಕಲಾ ಹೊಸಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. "ಯೇಳ್ತೀನಿ. ನಾಳೆ ಮೊದಲ್ನೇ ರೈಲ್ಗೇ ಓಗಿ ಯೇಳ್ತೀನಿ ಕಣೋ."

ಟಿವಿ ಮತ್ತೆ ಜೋರಾಗುತ್ತದೆ. ಕಲಾ ಎದ್ದು, ತಮ್ಮ ಮನೆಯ ಬೀಗಕ್ಕೆ ಕೀಲಿ ಹಾಕುತ್ತಾರೆ. ಹಿಂದೆಯೇ ಬಂದ ಮೀನಾ ಅಳುತ್ತಾ ನಗುತ್ತಿದ್ದಾಳೆ.

"ಅಕ್ಕಾ ಅನ್ಲಿಲ್ಲ, ನೋಡ್ದ್ಯಾ?" ಅನ್ನುತ್ತಾರೆ ಕಲಾ ಅವಳಿಗೆ. "ಓಗ್ಲಿ ಬುಡು. ನಾಳೆ ಸಾಯಂಕಾಲ ನೀನು ಉತ್ತರ ಕೊಡ್ಬೇಡ. ನಾನು ಕೂಗ್ತೀನಿ, ಸುಮ್ಕಿರು. ಅವ್ನ ಬಾಯಿಂದಾನೇ 'ಇರುಕ್ಕೇನ್' ಅಂತ ಬರೋಗಂಟ ಬಾಗ್ಲಲ್ಲೇ ಕುಂತಿರ್ತೀನಿ. ಈಗ ನಂಗೆ ಕೂತ್ಕಳೋದು ಬತ್ತದೆ."